ತುಳುನಾಡಿನ ಬಯಲು ಶಿಲ್ಪಗಳ ಸ್ಥಳನಿರ್ಣಯ ಮತ್ತು ಧನಮೂಲ: ಕಲ್ಕುಡ ಪಾಡ್ದನದ ನೆಲೆಯಿಂದ ಒಂದು ವಿಮರ್ಶೆ

೧. ಪ್ರವೇಶ

ಮೂಡುಬಿದಿರೆಯಿಂದ ಮಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಸಿಗುವ ತೋಡಾರು ಶಿಲ್ಪಕಲೆಯ ಚರಿತ್ರೆಯಲ್ಲಿ ಹೆಸರು ಪಡೆದ ಊರಲ್ಲ. ಆದರೆ ಈ ಊರನ್ನು ನೆಲೆಯಾಗಿಟ್ಟುಕೊಂಡು ಹೊರಟ ಅಧ್ಯಯನಕಾರರು ಕಾರ್ಕಳ, ವೇಣೂರು ಹಾಗೂ ಧರ್ಮಸ್ಥಳದ ಏಕಶಿಲಾ ಬಾಹುಬಲಿ ಮೂರ್ತಿಗಳನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಒಂದೇ ದಿನದಲ್ಲಿ ನೋಡಿ ಹಿಂತಿರುಗಬಹುದು. ಅದೇ ದಿನದ ಪಯಣದಲ್ಲಿ ಬೈಲೂರಿನ ಉಮಿಕ್ಕಳ ಬೆಟ್ಟವನ್ನೂ ಹತ್ತಬಹುದು. ಸುಮಾರು ಆರು ಶತಮಾನಗಳ ಅವಧಿಯಲ್ಲಿ ಬಯಲಿನಲ್ಲಿ ಮೂರ್ತಿ ನಿಲ್ಲಿಸುವ ಕಾರ್ಯವು ಹೇಗೆ ನಡೆದು ಬಂದಿದೆ ಎಂಬುದಕ್ಕೆ ಇಷ್ಟು ಕಿರಿದಾದ ಪ್ರದೇಶದಲ್ಲಿ ಇಷ್ಟು ಸಾಮಗ್ರಿ ಒಟ್ಟಿಗೆ ದೊರೆಯುವುದು ಅಪರೂಪ.

ಇದೇ ಹೆದ್ದಾರಿಯು (ಹಿಂದಿನ ೧೩, ಇಂದಿನ ೧೬೯) ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಚತುಷ್ಪಥವಾಗುವ ಕಾಮಗಾರಿಯಲ್ಲಿ ಹಳೆಯ ಕಟ್ಟೆ, ಮರ, ತಿರುವುಗಳನ್ನು ಕಳೆದುಕೊಂಡಿದೆ. ರಸ್ತೆ ಅಗಲವಾದಲ್ಲೆಲ್ಲ ಹೊಸ ಕೂಡುದಾರಿಗಳು ಹುಟ್ಟುತ್ತವೆ. ಕೂಡುದಾರಿಗಳು ಹುಟ್ಟಿದಲ್ಲೆಲ್ಲ ಅವುಗಳಿಗೊಂದು ಹೆಸರು, ಒಂದು ವೃತ್ತ, ವೃತ್ತದ ನಡುವೆ ಒಂದು ಪ್ರತಿಮೆ ಎಂಬ ಬೇಡಿಕೆಯೂ ಹುಟ್ಟುತ್ತದೆ. ಆದುದರಿಂದ ಬಯಲು ಶಿಲ್ಪವನ್ನು ಎಲ್ಲಿ ನಿಲ್ಲಿಸಬೇಕು, ಯಾರ ಹಣದಿಂದ ನಿಲ್ಲಿಸಬೇಕು ಎಂಬ ಪ್ರಶ್ನೆಗಳು ಮಹಾನಗರಗಳಿಗೆ ಮಾತ್ರ ಸೇರಿದವಾಗಿ ಉಳಿದಿಲ್ಲ.

ಈ ಪ್ರಶ್ನೆಗಳನ್ನು ಸಾಮಾನ್ಯವಾಗಿ ಕಲಾವಿಮರ್ಶೆಯ, ನಗರ ಯೋಜನೆಯ ಅಥವಾ ಆಡಳಿತದ ನೆಲೆಯಿಂದ ಚರ್ಚಿಸಲಾಗುತ್ತದೆ. ಪ್ರಸ್ತುತ ಲೇಖನವು ಅವುಗಳನ್ನು ಜಾನಪದದ ನೆಲೆಯಿಂದ ನೋಡಲು ಯತ್ನಿಸುತ್ತದೆ. ಅದಕ್ಕೆ ಕಾರಣವೂ ಉಂಟು. ಬಯಲು ಶಿಲ್ಪವನ್ನು ಕೆತ್ತಿದವನ ಕಡೆಯಿಂದ ಹೇಳಿದ ಒಂದು ದೀರ್ಘ ಕಥನ ತುಳುನಾಡಿನಲ್ಲಿ ಜೀವಂತವಾಗಿದೆ. ಅದು ಕಲ್ಕುಡ-ಕಲ್ಲುರ್ಟಿಯರ ಪಾಡ್ದನ.

೨. ಒಂದೇ ಮೂರ್ತಿಗೆ ಎರಡು ದಾಖಲೆಗಳು

ಕಾರ್ಕಳದ ಗೊಮ್ಮಟನ ಬಗ್ಗೆ ಚರಿತ್ರಕಾರರಿಗೆ ಮೊದಲು ಒದಗುವುದು ಶಾಸನ. ಸುಮಾರು ೪೨ ಅಡಿ ಎತ್ತರದ ಈ ಮೂರ್ತಿಯನ್ನು ವೀರಪಾಂಡ್ಯ ಭೈರರಸನು ೧೪೩೨ರ ಫೆಬ್ರವರಿ ೧೩ರಂದು ಪ್ರತಿಷ್ಠಾಪಿಸಿದನು. ಶಾಸನದಲ್ಲಿ ಅರಸನಿದ್ದಾನೆ, ಪ್ರೇರಣೆಯಿತ್ತ ಗುರು ಲಲಿತಕೀರ್ತಿ ಇದ್ದಾರೆ, ಸಂವತ್ಸರ, ತಿಥಿಗಳಿವೆ. ಶಿಲ್ಪಿಯ ಹೆಸರಿಲ್ಲ. ೧೬೦೪ರಲ್ಲಿ ಅಜಿಲ ಅರಸ ತಿಮ್ಮರಾಜನು ವೇಣೂರಿನಲ್ಲಿ ನಿಲ್ಲಿಸಿದ ಸುಮಾರು ೩೫ ಅಡಿಯ ಮೂರ್ತಿಯ ಶಾಸನವೂ ಅರಸನ ವಂಶವನ್ನೂ ಗುರುವನ್ನೂ ಹೇಳುವ ಕ್ರಮದ್ದೇ. ಶಾಸನ ಎಂಬ ಪ್ರಕಾರಕ್ಕೆ ಇದು ಸಹಜ. ಅದು ದಾನಿಯ ದಾಖಲೆ.

ಪಾಡ್ದನವು ಇದೇ ಮೂರ್ತಿಯ ಕಥೆಯನ್ನು ಬೇರೊಂದು ತುದಿಯಿಂದ ಹೇಳುತ್ತದೆ. ಶಂಭು ಕಲ್ಕುಡನೆಂಬ ಶಿಲ್ಪಿ ಬೆಳ್ಗೊಳಕ್ಕೆ ಕೆಲಸಕ್ಕೆ ಹೋಗುತ್ತಾನೆ. ಅವನನ್ನು ಹುಡುಕಿ ಹೊರಟ ಮಗ ಬೀರ ಕಲ್ಕುಡನು ಮುಂದೆ ಕಾರ್ಕಳದ ಭೈರರಸನಿಗಾಗಿ ಗೊಮ್ಮಟನನ್ನು ಕೆತ್ತುತ್ತಾನೆ. ಇಂಥ ಮೂರ್ತಿ ಮತ್ತೊಂದು ಊರಿನಲ್ಲಿ ಆಗಬಾರದೆಂದು ಅರಸನು ಅವನ ಒಂದು ಕೈ, ಒಂದು ಕಾಲನ್ನು ಕಡಿಸುತ್ತಾನೆ. ಉಳಿದ ಒಂದು ಕೈ, ಒಂದು ಕಾಲಿನಲ್ಲಿ ಕಲ್ಕುಡನು ವೇಣೂರಿಗೆ ಹೋಗಿ ಅಲ್ಲಿಯೂ ಗೊಮ್ಮಟನನ್ನು ನಿಲ್ಲಿಸುತ್ತಾನೆ. ಅಣ್ಣನನ್ನು ಅರಸಿ ಬಂದ ತಂಗಿ ಕಲ್ಲುರ್ಟಿ ಈ ಅನ್ಯಾಯವನ್ನು ಕಂಡು ಉರಿಯುತ್ತಾಳೆ. ಇಬ್ಬರೂ ಮಾಯಕಗೊಂಡು ದೈವಗಳಾಗುತ್ತಾರೆ. ಕಾರ್ಕಳಕ್ಕೆ ಬೆಂಕಿ ಬೀಳುತ್ತದೆ. ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಠವು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ಅಂದಿನಿಂದ ಅನೇಕ ಪಾಠಾಂತರಗಳು ದಾಖಲಾಗಿವೆ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಂಥ ಕ್ಷೇತ್ರಗಳಲ್ಲಿ ಕಲ್ಲುರ್ಟಿಗೆ ಅಗೇಲು ಸಲ್ಲಿಸಲು ಸೇರುವ ಜನಸಂದಣಿಯನ್ನು ಕಂಡವರಿಗೆ ಈ ಕಥನ ಗ್ರಂಥಸ್ಥವಾಗಿ ತಣ್ಣಗಾಗಿಲ್ಲವೆಂಬುದು ತಿಳಿಯುತ್ತದೆ.

ಕಾರ್ಕಳಕ್ಕೂ ವೇಣೂರಿಗೂ ನಡುವೆ ೧೭೨ ವರ್ಷಗಳ ಅಂತರವಿದೆ. ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಿರಲು ಸಾಧ್ಯವಿಲ್ಲ. ಈ ಕಾರಣದಿಂದ ಪಾಡ್ದನವನ್ನು ‘ಕಟ್ಟುಕಥೆ’ ಎಂದು ಬದಿಗಿರಿಸಿದವರಿದ್ದಾರೆ. ಕಾಲವನ್ನು ಸರಿಹೊಂದಿಸಲು ಇಬ್ಬರು ಕಲ್ಕುಡರನ್ನು ಕಲ್ಪಿಸುವ ಮಾರ್ಗವೂ ತೆರೆದೇ ಇದೆ. ಎರಡೂ ಅನಗತ್ಯ. ಪಾಡ್ದನದ ಸತ್ಯವು ಕಾಲಾನುಕ್ರಮದ ಸತ್ಯವಲ್ಲ. ಎರಡು ಮೂರ್ತಿಗಳ ನಡುವಣ ಪೈಪೋಟಿಯನ್ನು, ಆ ಪೈಪೋಟಿಯ ಬೆಲೆ ತೆತ್ತವನು ಯಾರೆಂಬುದನ್ನು ಅದು ಒಂದು ದೇಹದ ಮೇಲೆ ಬರೆದು ತೋರಿಸುತ್ತದೆ. ಬಿ.ಎ. ವಿವೇಕ ರೈ, ಅಮೃತ ಸೋಮೇಶ್ವರ, ಕೆ. ಚಿನ್ನಪ್ಪ ಗೌಡ ಮೊದಲಾದವರ ಅಧ್ಯಯನಗಳಿಂದ ಪಾಡ್ದನಗಳ ಸಾಮಾಜಿಕ ಆಯಾಮ ನಮಗೆ ಪರಿಚಿತವಾಗಿದೆ. ನಲಿಕೆ, ಪಂಬದ, ಪರವ ಸಮುದಾಯಗಳ ಕಲಾವಿದರು ಕೋಲದ ಅಂಗಳದಲ್ಲಿ, ಊರಿನ ಗುತ್ತು ಬರ್ಕೆಗಳ ಯಜಮಾನರ ಎದುರಿನಲ್ಲಿಯೇ, ಅರಸನ ಅನ್ಯಾಯವನ್ನು ಹಾಡಿ ಹೇಳುತ್ತಾರೆ. ಶಾಸನವು ಬಿಟ್ಟುಹೋದ ಹೆಸರನ್ನು ಸಮಾಜದ ಅಂಚಿನವರು ಕಾಪಾಡಿಕೊಂಡು ಬಂದಿದ್ದಾರೆ.

ಈ ಲೇಖನದ ವಾದ ಇಲ್ಲಿಂದಲೇ ಹೊರಡುತ್ತದೆ. ಹಿಂದೆ ಒಂದು ಮೂರ್ತಿಗೆ ಎರಡು ದಾಖಲೆಗಳಿದ್ದವು: ಕೊಟ್ಟವನ ಶಾಸನ ಮತ್ತು ಕೆತ್ತಿದವನ ಪಾಡ್ದನ. ಇಂದಿನ ಬಯಲು ಶಿಲ್ಪಗಳಿಗೆ ಉದ್ಘಾಟನಾ ಫಲಕವೆಂಬ ಶಾಸನವಿದೆ, ಪಾಡ್ದನವಿಲ್ಲ. ಸ್ಥಳದ ಆಯ್ಕೆಯಲ್ಲಿಯೂ ಹಣದ ವಿನಿಯೋಗದಲ್ಲಿಯೂ ನಾವು ಕಾಣುತ್ತಿರುವ ದೋಷಗಳು ಬಹುಪಾಲು ಈ ಕೊರತೆಯಿಂದ ಹುಟ್ಟಿದವು.

೩. ಸ್ಥಳ: ಬೆಟ್ಟ, ಹೊಳೆ, ವೃತ್ತ

ಕಾರ್ಕಳದ ಮೂರ್ತಿ ಬೋಳುಬಂಡೆಯ ಬೆಟ್ಟದ ಮೇಲಿದೆ. ಅದನ್ನು ಬೇರೆಡೆ ಕೆತ್ತಿ, ಇಪ್ಪತ್ತು ಗಾಲಿಗಳ ಬಂಡಿಯ ಮೇಲಿಟ್ಟು ಬೆಟ್ಟಕ್ಕೆ ಎಳೆತಂದರೆಂಬುದು ಪರಂಪರೆಯ ನಂಬಿಕೆ. ಮೂರ್ತಿಯೊಂದೇ ನಿಂತು ಸ್ಥಳವು ಮುಗಿದುಹೋಗಲಿಲ್ಲ. ೧೪೩೬ರಲ್ಲಿ ಎದುರಿಗೆ ಬ್ರಹ್ಮದೇವ ಕಂಬ ಬಂದಿತು. ೧೫೮೬ರಲ್ಲಿ ಇಮ್ಮಡಿ ಭೈರರಸನ ಚತುರ್ಮುಖ ಬಸದಿ ಸಮೀಪದ ಗುಡ್ಡದಲ್ಲಿ ಎದ್ದಿತು. ಒಂದೂವರೆ ಶತಮಾನದಲ್ಲಿ ಒಂದು ಬೆಟ್ಟ, ಅದರ ಬುಡದ ಪೇಟೆ, ಅದರ ಕೆರೆಗಳು ಪರಸ್ಪರ ಸಂಬಂಧಿಸಿದ ಒಂದು ಸನ್ನಿವೇಶವಾಗಿ ರೂಪುಗೊಂಡವು.

ವೇಣೂರಿನ ನಿರ್ಣಯ ಇದಕ್ಕಿಂತ ಭಿನ್ನ. ಅಲ್ಲಿ ಮೂರ್ತಿ ನಿಂತಿರುವುದು ಬೆಟ್ಟದ ಮೇಲಲ್ಲ, ಫಲ್ಗುಣಿ ನದಿಯ ದಡದಲ್ಲಿ. ಕಾರ್ಕಳದ ಅರಸನು ಈ ಮೂರ್ತಿಗೆ ಅಡ್ಡಿಪಡಿಸಿದಾಗ ಅಜಿಲನು ಅದನ್ನು ಹೊಳೆಯ ಮರಳಿನಲ್ಲಿ ಹೂತು ಕಾಪಾಡಿದನೆಂಬ ಐತಿಹ್ಯವಿದೆ. ಪಕ್ಕದಲ್ಲಿಯೇ ಅರಸನ ರಾಣಿಯರು ಕಟ್ಟಿಸಿದ ಚಿಕ್ಕ ಬಸದಿಗಳಿವೆ. ದೂರದಿಂದ ಎಲ್ಲರಿಗೂ ಕಾಣಬೇಕೆಂಬ ಹಟಕ್ಕಿಂತ, ಹತ್ತಿರ ಹೋದವರಿಗೆ ಒಮ್ಮೆಲೆ ಎದುರಾಗುವ ಅನುಭವವನ್ನು ಈ ಸ್ಥಳ ಕೊಡುತ್ತದೆ. ಶಿಲ್ಪವಿಮರ್ಶೆಯ ದೃಷ್ಟಿಯಿಂದ ಇದು ಮುಖ್ಯ. ಎತ್ತರದ ಸ್ಥಳ ಮಾತ್ರವೇ ಉತ್ತಮ ಸ್ಥಳ ಎಂಬ ಇಂದಿನ ನಂಬಿಕೆಯನ್ನು ನಾಲ್ಕು ಶತಮಾನಗಳ ಹಿಂದೆಯೇ ವೇಣೂರು ಅಲ್ಲಗಳೆದಿದೆ.

ಆಧುನಿಕ ಕಾಲದ ಧರ್ಮಸ್ಥಳದ ಮೂರ್ತಿ ಈ ಪರಂಪರೆಯನ್ನು ಮುಂದುವರಿಸಿತು. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ ೩೯ ಅಡಿಯ ಈ ಮೂರ್ತಿ ೧೯೭೩ರಲ್ಲಿ ರಸ್ತೆಯ ಮೂಲಕ ಧರ್ಮಸ್ಥಳಕ್ಕೆ ಬಂದಿತು. ೧೯೮೨ರಲ್ಲಿ ಪ್ರತಿಷ್ಠಾ ಮಹೋತ್ಸವ ನಡೆಯಿತು. ಇಲ್ಲಿ ಶಿಲ್ಪಿಯ ಹೆಸರು ಮೂರ್ತಿಯ ಜತೆಗೇ ಉಳಿದಿದೆ. ಕಲ್ಕುಡನ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಇನ್ನು ನಗರದ ವೃತ್ತಗಳತ್ತ ಬರಬಹುದು. ಮಂಗಳೂರಿನ ಪಂಪ್‌ವೆಲ್‌ನಲ್ಲಿ ಮಹಾವೀರ ವೃತ್ತದ ಬೃಹತ್ ಕಲಶವು ನಗರದ ಹೆಬ್ಬಾಗಿಲಿನ ಗುರುತಾಗಿತ್ತು. ಹೆದ್ದಾರಿಯ ಮೇಲ್ಸೇತುವೆಗಾಗಿ ಅದನ್ನು ತೆರವುಗೊಳಿಸಿ ಸ್ಥಳಾಂತರಿಸಬೇಕಾಯಿತು. ಮೇಲ್ಸೇತುವೆ ೨೦೨೦ರ ಜನವರಿಯಲ್ಲಿ ಸಂಚಾರಕ್ಕೆ ತೆರೆಯಿತು. ಇದರಲ್ಲಿ ಯಾರೊಬ್ಬರ ತಪ್ಪನ್ನೂ ಹುಡುಕಬೇಕಾಗಿಲ್ಲ. ವೃತ್ತವೆಂಬುದು ವಾಹನಗಳಿಗೆ ಸೇರಿದ ಸ್ಥಳ. ಬೆಟ್ಟವಾಗಲಿ ಹೊಳೆಯ ದಡವಾಗಲಿ ನೂರಾರು ವರ್ಷ ತನ್ನ ಸ್ವರೂಪವನ್ನು ಉಳಿಸಿಕೊಳ್ಳುತ್ತದೆ. ವೃತ್ತದ ಆಯುಸ್ಸು ಮುಂದಿನ ರಸ್ತೆ ಯೋಜನೆಯವರೆಗೆ ಮಾತ್ರ. ಅಲ್ಲಿ ನಿಂತು ನೋಡಲು ಪಾದಚಾರಿಗೆ ಎಡೆಯಿಲ್ಲ. ಸುತ್ತುಬರುವ ಚಾಲಕನು ನೋಡಿದರೆ ಅಪಾಯ.

ಕಾನೂನು ಕೂಡ ಈ ದಿಕ್ಕಿನಲ್ಲಿದೆ. ಸಾರ್ವಜನಿಕ ರಸ್ತೆ, ಕಾಲುದಾರಿ ಹಾಗೂ ಇತರ ಸಾರ್ವಜನಿಕ ಬಳಕೆಯ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪಿಸಲು ಅನುಮತಿ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೩ರ ಜನವರಿ ೧೮ರಂದು ರಾಜ್ಯ ಸರ್ಕಾರಗಳಿಗೆ ಆದೇಶಿಸಿದೆ. ಆದೇಶ ಬಂದ ಮೇಲೆಯೂ ವೃತ್ತಗಳ ಆಕರ್ಷಣೆ ಕುಗ್ಗಿಲ್ಲ. ಬೆಂಗಳೂರಿನ ಹಲಸೂರು ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆಯ ಕಥೆ ಮತ್ತೊಂದು ಪಾಠ ಹೇಳುತ್ತದೆ. ೧೯೯೧ರಲ್ಲಿ ಸಿದ್ಧವಾಗಿದ್ದ ಆ ಪ್ರತಿಮೆ ಭಾಷಾ ವಿವಾದದಿಂದಾಗಿ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿತು. ೨೦೦೯ರ ಆಗಸ್ಟ್‌ನಲ್ಲಿ ಅದು ಅನಾವರಣಗೊಂಡಿತು. ಅದೇ ತಿಂಗಳಲ್ಲಿ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಎರಡು ರಾಜ್ಯಗಳ ನಡುವಣ ಈ ಕೊಡುಕೊಳ್ಳುವಿಕೆಯನ್ನು ಸೌಹಾರ್ದವೆಂದು ಕೊಂಡಾಡಿದವರೂ ಚೌಕಾಶಿಯೆಂದು ಟೀಕಿಸಿದವರೂ ಇದ್ದರು. ಸ್ಥಳವನ್ನು ಕುರಿತ ಸಂಧಾನವು ಮೂರ್ತಿ ಸಿದ್ಧವಾಗುವ ಮೊದಲು ನಡೆಯದಿದ್ದರೆ, ಸಿದ್ಧವಾದ ಬಳಿಕ ಇನ್ನಷ್ಟು ದುಬಾರಿಯಾಗಿ ನಡೆಯುತ್ತದೆ ಎಂಬುದಂತೂ ಸ್ಪಷ್ಟ.

೪. ಧನ: ಕೊಡುವವರು ಮತ್ತು ಲೆಕ್ಕ

ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯ ನಿರ್ಮಾಣ ೧೪೩೦ರಲ್ಲಿ ಆರಂಭವಾಗಿ ಹಲವು ದಶಕಗಳ ಕಾಲ ಹಂತಹಂತವಾಗಿ ನಡೆಯಿತು. ಅದರ ಭೈರಾದೇವಿ ಮಂಟಪ, ಚಿತ್ರಾದೇವಿ ಮಂಟಪಗಳು ಬೇರೆ ಬೇರೆ ಕಾಲದ, ಬೇರೆ ಬೇರೆ ಕೈಗಳ ಕೊಡುಗೆಗಳು. ಅರಸು ಮನೆತನಗಳ ಜತೆಗೆ ಬಿದಿರೆಯ ವರ್ತಕರಾದ ಸೆಟ್ಟಿಗಳ ಸಂಪತ್ತು ಇದರ ಹಿಂದೆ ಇತ್ತು. ಹಣವು ಒಂದೇ ಸಲ ಒಂದೇ ಕಡೆಯಿಂದ ಬಾರದ ಕಾರಣ ಕಟ್ಟಡವೂ ನಿಧಾನವಾಗಿ ಬೆಳೆಯಿತು. ನಿಧಾನವಾಗಿ ಬೆಳೆದ ಕಾರಣ ಅದಕ್ಕೆ ಬಹಳ ಜನ ಬಾಧ್ಯಸ್ಥರಾದರು.

ಹನ್ನೆರಡು ವರ್ಷಗಳಿಗೊಮ್ಮೆ ನಡೆಯಬೇಕೆಂಬ ಮಹಾಮಸ್ತಕಾಭಿಷೇಕವನ್ನು ನಾವು ಧಾರ್ಮಿಕ ಆಚರಣೆಯಾಗಿ ಮಾತ್ರ ನೋಡುತ್ತೇವೆ. ಧನದ ದೃಷ್ಟಿಯಿಂದ ನೋಡಿದರೆ ಅದೊಂದು ನಿರ್ವಹಣಾ ವ್ಯವಸ್ಥೆ. ಆಗ ಮೂರ್ತಿಯ ಸುತ್ತ ಅಟ್ಟಣಿಗೆ ಏರುತ್ತದೆ. ಮನುಷ್ಯರ ಕಣ್ಣು, ಕೈಗಳು ಮೂರ್ತಿಯ ನೆತ್ತಿಯವರೆಗೂ ತಲಪುತ್ತವೆ. ಕಲಶಗಳ ರೂಪದಲ್ಲಿ ಸಮುದಾಯದ ಹಣ ಹೊಸದಾಗಿ ಸೇರುತ್ತದೆ. ಊರಿನ ರಸ್ತೆ, ನೀರು, ನೈರ್ಮಲ್ಯಗಳತ್ತ ಆಡಳಿತದ ಗಮನ ಹರಿಯುತ್ತದೆ. ಕಾರ್ಕಳದಲ್ಲಿ ೨೦೧೫ರಲ್ಲಿ, ಧರ್ಮಸ್ಥಳದಲ್ಲಿ ೨೦೧೯ರಲ್ಲಿ, ವೇಣೂರಿನಲ್ಲಿ ೨೦೨೪ರಲ್ಲಿ ಹೀಗಾಯಿತು. ಸ್ಥಾಪನೆಯ ವೆಚ್ಚದಷ್ಟೇ ಪಾಲನೆಯ ವೆಚ್ಚವೂ ಮುಖ್ಯವೆಂಬ ಅರಿವು ಈ ವ್ಯವಸ್ಥೆಯಲ್ಲಿ ಅಡಗಿದೆ. ನಮ್ಮ ನಗರಗಳ ಪ್ರತಿಮೆಗಳಿಗೆ ಇಂಥ ಕಾಲಚಕ್ರವಿಲ್ಲ. ಜಯಂತಿಯ ದಿನ ಹಾರ ಹಾಕಲು ಏಣಿ ಬರುತ್ತದೆ. ಬಿರುಕು ಮುಚ್ಚಲು ಬರುವುದಿಲ್ಲ.

ಹಾಗೆಂದು ಗತಕಾಲವನ್ನು ವೈಭವೀಕರಿಸುವುದು ಸರಿಯಲ್ಲ. ಗೊಮ್ಮಟನನ್ನು ಬೆಟ್ಟಕ್ಕೆ ಎಳೆದವರಿಗೆ ಕೂಲಿ ಸಿಕ್ಕಿತೆ, ಅದು ಬಿಟ್ಟಿ ದುಡಿಮೆಯಾಗಿತ್ತೆ ಎಂಬುದನ್ನು ಪ್ರತಿಷ್ಠೆಯ ಶಾಸನ ಹೇಳುವುದಿಲ್ಲ. ಸ್ಥಳವನ್ನು ಆರಿಸಿದವರು ಊರಿನ ಎಲ್ಲರನ್ನೂ ಕೇಳಿದ್ದರೆಂದು ಹೇಳಲೂ ಆಧಾರವಿಲ್ಲ. ಹಳೆಯ ವ್ಯವಸ್ಥೆ ಪ್ರಜಾಸತ್ತಾತ್ಮಕವಾಗಿರಲಿಲ್ಲ. ಅದರ ಕ್ರೌರ್ಯಕ್ಕೆ ಕಲ್ಕುಡನ ಕಡಿದ ಕೈಯೇ ಸಾಕ್ಷಿ. ವ್ಯತ್ಯಾಸವಿರುವುದು ಇಷ್ಟರಲ್ಲಿ: ಆ ಕ್ರೌರ್ಯವನ್ನು ಹೇಳುವ ಒಂದು ಅಂಗಳ ಅಂದು ಸೃಷ್ಟಿಯಾಯಿತು, ಮತ್ತು ಆ ಅಂಗಳದಲ್ಲಿ ಯಜಮಾನನೂ ಕೈಮುಗಿದು ನಿಂತು ಕೇಳಬೇಕಾಯಿತು.

ಪ್ರಜಾಪ್ರಭುತ್ವದಲ್ಲಿ ಹಣ ತೆರಿಗೆದಾರರದ್ದು. ಆದುದರಿಂದ ಲೆಕ್ಕ ಇನ್ನಷ್ಟು ಸ್ಪಷ್ಟವಾಗಿರಬೇಕು. ಹೊರಗಿನ ಕೆಲವು ಮಾದರಿಗಳನ್ನು ಗಮನಿಸಬಹುದು. ಫ್ರಾನ್ಸ್‌ನಲ್ಲಿ ೧೯೫೧ರಿಂದ ಶಾಲಾ ಕಟ್ಟಡಗಳ ವೆಚ್ಚದ ಶೇಕಡಾ ಒಂದನ್ನು ಕಲಾಕೃತಿಗೆ ಮೀಸಲಿಡುವ ನಿಯಮ ಬಂದಿತು; ಮುಂದೆ ಇದು ಇತರ ಸಾರ್ವಜನಿಕ ಕಟ್ಟಡಗಳಿಗೂ ವಿಸ್ತರಿಸಿತು. ಅಮೆರಿಕದ ಫಿಲಡೆಲ್ಫಿಯ ನಗರ ೧೯೫೯ರಲ್ಲಿ ಇಂಥದೇ ಕ್ರಮ ಕೈಗೊಂಡಿತು. ನಮ್ಮ ದೇಶದಲ್ಲಿಯೂ ಸಾರ್ವಜನಿಕ ಕಟ್ಟಡಗಳು ಕಲಾವಿದರಿಗೆ ಅವಕಾಶ ಕೊಡಬೇಕೆಂಬುದು ನೆಹರೂ ಅವರ ಆಶಯವಾಗಿತ್ತು. ದೆಹಲಿಯ ರಿಸರ್ವ್ ಬ್ಯಾಂಕಿನ ಎದುರು ರಾಮಕಿಂಕರ್ ಬೈಜ್ ಅವರ ಯಕ್ಷ-ಯಕ್ಷಿ ಶಿಲ್ಪಗಳು ನಿಂತದ್ದು ಈ ಹಿನ್ನೆಲೆಯಲ್ಲಿ. ೧೯೫೦ರ ದಶಕದಲ್ಲಿ ಆರಂಭವಾದ ಆ ಕೆಲಸ ಮುಗಿದದ್ದು ೧೯೬೭ರಲ್ಲಿ. ವಿಳಂಬಕ್ಕೆ ಟೀಕೆ ಬಂತು. ಯಕ್ಷಿಯ ನಗ್ನತೆ ಸಂಸತ್ತಿನಲ್ಲಿ ಪ್ರಶ್ನೆಯಾಯಿತು. ಆದರೂ ಸಂಸ್ಥೆ ಕಾಯಿತು, ಶಿಲ್ಪಿ ತನ್ನ ಕಲ್ಲನ್ನು ಹುಡುಕಿದ, ಕೃತಿ ಉಳಿಯಿತು. ಇಂಥ ವ್ಯವಸ್ಥೆಯಲ್ಲಿ ಹಣವು ಕಟ್ಟಡಕ್ಕೆ, ಎಂದರೆ ಒಂದು ಸ್ಥಳಕ್ಕೆ, ಅಂಟಿಕೊಂಡು ಬರುತ್ತದೆ. ಸ್ಥಳ ಮೊದಲು, ಕೃತಿ ಆಮೇಲೆ. ನಮ್ಮಲ್ಲಿ ರೂಢಿಯಾಗಿರುವುದು ಇದರ ತಲೆಕೆಳಗು ಕ್ರಮ: ಮೊದಲು ಎತ್ತರ ಘೋಷಣೆಯಾಗುತ್ತದೆ, ನಂತರ ಅನುದಾನ, ನಂತರ ಉದ್ಘಾಟನೆಯ ದಿನಾಂಕ, ಎಲ್ಲಕ್ಕೂ ಕೊನೆಯಲ್ಲಿ ಶಿಲ್ಪಿ.

೫. ಎತ್ತರದ ರಾಜಕಾರಣ ಮತ್ತು ಬೈಲೂರಿನ ಪ್ರಕರಣ

ಭೈರರಸನು ಶಿಲ್ಪಿಯ ಕೈ ಕಡಿಸಿದ್ದು ದ್ವೇಷದಿಂದಲ್ಲ; ತನ್ನದಕ್ಕೆ ಸಮಾನವಾದುದು ಬೇರೊಂದು ಊರಿನಲ್ಲಿ ಇರಬಾರದೆಂಬ ಆಸೆಯಿಂದ. ಪಾಡ್ದನದ ಈ ಒಳನೋಟ ನಮ್ಮ ಕಾಲಕ್ಕೆ ನೇರವಾಗಿ ಅನ್ವಯಿಸುತ್ತದೆ. ೨೦೧೮ರಲ್ಲಿ ಗುಜರಾತಿನಲ್ಲಿ ೧೮೨ ಮೀಟರಿನ ಸರ್ದಾರ್ ಪಟೇಲ್ ಪ್ರತಿಮೆ ನಿಂತ ಮೇಲೆ ಪ್ರತಿಮೆಗಳನ್ನು ಕುರಿತ ಮಾತು ಬಹುಮಟ್ಟಿಗೆ ಅಳತೆಯ ಮಾತಾಯಿತು. ೨೦೨೨ರ ನವೆಂಬರ್ ೧೧ರಂದು ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ೧೦೮ ಅಡಿಯ ಕೆಂಪೇಗೌಡ ಪ್ರತಿಮೆ ಅನಾವರಣಗೊಂಡಿತು. ಅದಕ್ಕಾಗಿ ರಾಜ್ಯದ ಊರೂರುಗಳಿಂದ ಮಣ್ಣು ಸಂಗ್ರಹಿಸುವ ಅಭಿಯಾನ ನಡೆದುದು ಜಾನಪದ ಅಧ್ಯಯನಕ್ಕೆ ಕುತೂಹಲಕರ ವಿಷಯ. ಮಣ್ಣು ಕೊಡುವುದು ನಮ್ಮಲ್ಲಿ ಒಪ್ಪಿಗೆಯ ಸಂಕೇತ. ಆದರೆ ಇಲ್ಲಿ ಒಪ್ಪಿಗೆ ಕೇಳಿದ್ದು ನಿರ್ಣಯವಾದ ಮೇಲೆ. ಊರು ಮಣ್ಣು ಕೊಟ್ಟಿತು, ಮಾತು ಕೊಡುವ ಅವಕಾಶ ಅದಕ್ಕೆ ಇರಲಿಲ್ಲ.

ಈ ಅಳತೆಯ ಉತ್ಸಾಹ ನಮ್ಮ ಪರಿಸರಕ್ಕೆ ಬಂದದ್ದು ಕಾರ್ಕಳ ತಾಲೂಕಿನ ಬೈಲೂರಿನಲ್ಲಿ. ಉಮಿಕ್ಕಳ ಬೆಟ್ಟದ ಮೇಲೆ ಪರಶುರಾಮ ಥೀಮ್ ಪಾರ್ಕ್ ರೂಪುಗೊಂಡು, ೩೩ ಅಡಿಯ ಕಂಚಿನ ಮೂರ್ತಿಯೆಂದು ಪ್ರಚಾರ ಪಡೆದ ಪರಶುರಾಮನ ಪ್ರತಿಮೆಯೊಂದಿಗೆ ೨೦೨೩ರ ಜನವರಿ ೨೭ರಂದು ಉದ್ಘಾಟನೆಗೊಂಡಿತು. ಕೆಲವೇ ತಿಂಗಳಲ್ಲಿ ಪ್ರತಿಮೆ ನಿಜಕ್ಕೂ ಕಂಚಿನದೆ ಎಂಬ ಸಂಶಯ ಎದ್ದಿತು. ೨೦೨೩ರ ಅಕ್ಟೋಬರಿನಲ್ಲಿ ಅದರ ಮೇಲ್ಭಾಗವನ್ನು ಇಳಿಸಲಾಯಿತು. ಪ್ರತಿಭಟನೆಗಳು, ಪೊಲೀಸ್ ತನಿಖೆ, ನ್ಯಾಯಾಲಯದ ಕಲಾಪಗಳು ಒಂದರ ಹಿಂದೆ ಒಂದು ಬಂದವು. ಲೋಹ ಯಾವುದು, ಹೊಣೆ ಯಾರದು ಎಂಬುದರ ನಿರ್ಣಯ ತನಿಖೆ ಮತ್ತು ನ್ಯಾಯಾಲಯಗಳಿಗೆ ಸೇರಿದ್ದು. ಸಂಶೋಧನ ಲೇಖನದ ವ್ಯಾಪ್ತಿಯದಲ್ಲ. ನಮ್ಮ ಪ್ರಶ್ನೆ ಬೇರೆ. ಒಂದು ಸಾರ್ವಜನಿಕ ಮೂರ್ತಿ ಯಾವ ವಸ್ತುವಿನದು ಎಂಬ ತೀರಾ ಪ್ರಾಥಮಿಕವಾದ ಸಂಗತಿಯೇ ಉದ್ಘಾಟನೆಯಾದ ಮೇಲೆ ವಿವಾದವಾಗುವಂಥ ಸ್ಥಿತಿ ಹೇಗೆ ಬಂದಿತು?

ಒಂದು ಕಾರಣ ಪ್ರತಿಮೆಯ ವಸ್ತುವಿಷಯಕ್ಕೂ ಸ್ಥಳಕ್ಕೂ ಇರುವ ಸಂಬಂಧದಲ್ಲಿದೆ. ಪರಶುರಾಮ ಸೃಷ್ಟಿಯ ಕಥೆ ಸಹ್ಯಾದ್ರಿಖಂಡ, ಗ್ರಾಮಪದ್ಧತಿಗಳಂಥ ಗ್ರಂಥಗಳ ಪರಂಪರೆಗೆ ಸೇರಿದ್ದು. ಅದು ಇಡೀ ಕರಾವಳಿಯನ್ನು ಒಂದೇ ಏಟಿಗೆ ವಿವರಿಸುತ್ತದೆ. ಆದುದರಿಂದಲೇ ಯಾವ ಬೆಟ್ಟದ ಮೇಲಾದರೂ ಅದನ್ನು ನಿಲ್ಲಿಸಬಹುದು. ಪಾಡ್ದನಗಳ ಸ್ವಭಾವ ಇದಕ್ಕೆ ವಿರುದ್ಧ. ಅವು ದೈವವು ಯಾವ ಕಟ್ಟದಲ್ಲಿ ಹೊಳೆ ದಾಟಿತು, ಯಾವ ಬಾಕಿಮಾರು ಗದ್ದೆಯಲ್ಲಿ ನಿಂತಿತು, ಯಾವ ಗುತ್ತಿನಲ್ಲಿ ನೀರು ಕೇಳಿತು ಎಂದು ಹೆಸರು ಹಿಡಿದು ಹೇಳುತ್ತವೆ. ಸ್ಥಳಕ್ಕೆ ಬದ್ಧವಾದ ಕಥನವಿರುವಲ್ಲಿ ಮೂರ್ತಿಯ ಬಗ್ಗೆ ಕೇಳುವ ಹಕ್ಕುಳ್ಳವರು ಯಾರೆಂಬುದು ಗೊತ್ತಿರುತ್ತದೆ. ಎಲ್ಲೆಡೆಗೂ ಸಲ್ಲುವ ಕಥನವಾದಾಗ ಆ ಬೆಟ್ಟದ ಬುಡದ ಜನರು ಪ್ರೇಕ್ಷಕರಾಗಿ ಉಳಿಯುತ್ತಾರೆ.

ಎರಡನೆಯ ಕಾರಣ ಸಮಯ. ಕಲ್ಲಿಗೂ ಲೋಹಕ್ಕೂ ತಮ್ಮದೇ ಗತಿ ಇದೆ. ಮಣ್ಣಿನ ಮಾದರಿ, ಅಚ್ಚು, ಎರಕ, ಜೋಡಣೆ, ಒಳಗಿನ ಉಕ್ಕಿನ ಚೌಕಟ್ಟು ಇವೆಲ್ಲ ಹಂತಗಳನ್ನು ಹಾದು ಬರಬೇಕಾದ ಕೃತಿಯನ್ನು ಒಂದು ದಿನಾಂಕಕ್ಕೆ ಕಟ್ಟಿಹಾಕಿದರೆ ಯಾವುದೋ ಒಂದು ಹಂತ ಸೊರಗುತ್ತದೆ. ಮೂರನೆಯದು ಮಧ್ಯಂತರ ಪರಿಶೀಲನೆಯ ಅಭಾವ. ಕೆತ್ತನೆಯ 'ಕೊಟ್ಯ'ಕ್ಕೆ ಊರಿನವರು ಹೋಗಿ ಬರುತ್ತಿದ್ದ ಕಾಲದಲ್ಲಿ ಮೂರ್ತಿ ಎಲ್ಲರ ಕಣ್ಣೆದುರೇ ಬೆಳೆಯುತ್ತಿತ್ತು. ಧರ್ಮಸ್ಥಳದ ಮೂರ್ತಿ ಕಾರ್ಕಳದಲ್ಲಿ ರೂಪುಗೊಳ್ಳುತ್ತಿದ್ದಾಗ ಅದನ್ನು ನೋಡಲು ಹೋದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ದೂರದ ಕಾರ್ಯಾಗಾರದಿಂದ ಭಾಗಭಾಗವಾಗಿ ಬಂದು ರಾತ್ರೋರಾತ್ರಿ ಏಳುವ ಪ್ರತಿಮೆಗೆ ಇಂಥ ಸಾಕ್ಷಿಗಳಿರುವುದಿಲ್ಲ. ಕೆಲಸದ ಕಥೆಯನ್ನು ಕೆಲಸ ನಡೆಯುವಾಗಲೇ ಹೇಳುವ ಅಂಗಳವಿಲ್ಲದ ಕಾರಣ, ಆ ಕಥೆ ದೂರು, ಪ್ರತಿದೂರುಗಳ ರೂಪದಲ್ಲಿ ಹೊರಬಂತು.

೬. ಜಾನಪದ ವಿದ್ವಾಂಸರ ಪಾಲು

ಇಲ್ಲಿಯವರೆಗಿನ ವಿಮರ್ಶೆಯನ್ನು ಆಡಳಿತ, ರಾಜಕಾರಣಗಳತ್ತ ಮಾತ್ರ ತಿರುಗಿಸಿ ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ‘ದೇಸಿ ಸಂಸ್ಕೃತಿಯ ಬಿಂಬನೆ’ ಎಂಬ ಹೆಸರಿನಲ್ಲಿ ಕಂಬಳದ ಕೋಣ, ಯಕ್ಷಗಾನದ ವೇಷ, ಕೋಲದ ಅಣಿಗಳು ಫೈಬರ್ ಮತ್ತು ಸಿಮೆಂಟಿನಲ್ಲಿ ನಮ್ಮ ರಸ್ತೆಗಳಿಗೆ ಇಳಿದಿವೆ. ಇದಕ್ಕೆ ಬೇಕಾದ ಮಾಹಿತಿ ಒದಗಿಸಿದವರು ನಾವೇ. ಕೆಲವು ವರ್ಷಗಳ ಹಿಂದೆ ಒಂದು ಸ್ಥಳೀಯ ಸಂಸ್ಥೆಯವರು ಕೂಡುದಾರಿಯೊಂದರಲ್ಲಿ ನಿಲ್ಲಿಸಲಿದ್ದ ಕೋಲದ ಪ್ರತಿಮೆಗೆ ಅಣಿ, ಗಗ್ಗರ, ಮುಖವರ್ಣಿಕೆಗಳು ಸಂಪ್ರದಾಯಬದ್ಧವಾಗಿರಬೇಕೆಂದು ನನ್ನನ್ನು ಕೇಳಿದ್ದರು. ವಿವರಗಳನ್ನು ಬರೆದುಕೊಟ್ಟೆ. ಅಣಿಯ ಅಗಲವನ್ನು ಕುರಿತು ಎರಡು ಬಾರಿ ತಿದ್ದುಪಡಿಯನ್ನೂ ಸೂಚಿಸಿದೆ. ಅದು ಎಲ್ಲಿ ನಿಲ್ಲುತ್ತದೆ, ಯಾರ ಹಣ, ಆ ದೈವವನ್ನು ಕಟ್ಟುವ ಮನೆತನದವರನ್ನು ಕೇಳಿದ್ದೀರಾ ಎಂಬ ಮೂರು ಪ್ರಶ್ನೆಗಳನ್ನು ಕೇಳಲಿಲ್ಲ. ಇಂದು ಆ ಪ್ರತಿಮೆ ವಿದ್ಯುತ್ ತಂತಿಗಳ ಕೆಳಗೆ, ಬಣ್ಣ ಮಾಸಿ, ಜಾಹೀರಾತು ಫಲಕಕ್ಕೆ ಒರಗಿದಂತೆ ನಿಂತಿದೆ. ಅಣಿಯ ಅಗಲ ಮಾತ್ರ ಸರಿಯಾಗಿದೆ.

ತಪ್ಪು ಕೇವಲ ನಿರ್ವಹಣೆಯದಲ್ಲ, ಗ್ರಹಿಕೆಯದು. ಭೂತಾರಾಧನೆಯ ದೃಶ್ಯಕಲೆ ಮೂಲತಃ ತಾತ್ಕಾಲಿಕ. ಎಳೆಯ ತೆಂಗಿನ ಗರಿಯ ತಿರಿ, ಅಡಕೆಯ ಹಾಳೆ, ಹೂವು, ಬಣ್ಣಗಳಿಂದ ಒಂದು ರಾತ್ರಿಯ ಮಟ್ಟಿಗೆ ಆಕೃತಿ ಮೂಡುತ್ತದೆ; ಬೆಳಗಾಗುವಾಗ ಕಳಚುತ್ತದೆ. ಮರದ ಮೂರ್ತಿಗಳಿರುವಲ್ಲಿಯೂ ಅವು ಗುಡಿಯ ಒಳಗೆ, ಕಾಲಬದ್ಧವಾಗಿ ನವೀಕರಣಗೊಳ್ಳುವಂಥವು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಲ್ಲಿ ಹಳೆಯ ಮೂರ್ತಿಗಳಿಗೆ ಬದಲಾಗಿ ಹೊಸವು ಬಂದಾಗ ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಅಲ್ಲಿ ಅವು ಶ್ರೇಷ್ಠ ಶಿಲ್ಪಗಳಾಗಿ ಮಾನ್ಯತೆ ಪಡೆದಿವೆ. ಆದರೆ ಮೆಕ್ಕೆಕಟ್ಟಿನಲ್ಲಿ ಭಕ್ತರು ಕೈಮುಗಿಯುವುದು ಹೊಸ ಮೂರ್ತಿಗಳಿಗೆ. ಸ್ಥಳ ಬದಲಾದಾಗ ಮೂರ್ತಿಯ ಅರ್ಥ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಕಳಚಬೇಕಾದುದನ್ನು ಕಳಚದಂತೆ ಎರಕ ಹೊಯ್ದು ರಸ್ತೆಯಲ್ಲಿ ನಿಲ್ಲಿಸುವಾಗ ನಾವು ಸಂರಕ್ಷಣೆಯ ಭ್ರಮೆಯಲ್ಲಿ ಆ ಕಲೆಯ ಮೂಲತತ್ತ್ವವನ್ನೇ ಬಿಟ್ಟುಕೊಡುತ್ತೇವೆ. ದೈವಾರಾಧನೆಯ ಪ್ರದರ್ಶನೀಕರಣಕ್ಕೆ ಆರಾಧಕ ಸಮುದಾಯಗಳಿಂದ ಇತ್ತೀಚಿನ ವರ್ಷಗಳಲ್ಲಿ ಕೇಳಿಬರುತ್ತಿರುವ ಆಕ್ಷೇಪವನ್ನು ಈ ಬೆಳಕಿನಲ್ಲಿಯೂ ಅರ್ಥೈಸಬೇಕು.

೭. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಬಯಲು ಶಿಲ್ಪದ ಮೊದಲ ನಿರ್ಣಯ ಸ್ಥಳದ್ದಾಗಿರಬೇಕು. ಆ ನಿರ್ಣಯ ಗ್ರಾಮಸಭೆ ಅಥವಾ ವಾರ್ಡ್ ಸಭೆಯಲ್ಲಿ, ಆ ಸ್ಥಳವನ್ನು ನಿತ್ಯ ಬಳಸುವವರ ಎದುರು, ಅನುದಾನ ಮಂಜೂರಾಗುವ ಮೊದಲೇ ಆಗಬೇಕು. ವೃತ್ತಗಳನ್ನು ಕೈಬಿಟ್ಟು ಕೆರೆಯ ದಂಡೆ, ಶಾಲೆಯ ಆವರಣ, ಗ್ರಂಥಾಲಯದ ಅಂಗಳ, ಬಸ್ಸು ನಿಲ್ದಾಣದ ನೆರಳಿನಂಥ, ಜನ ನಿಂತು ನೋಡಬಲ್ಲ ತಾಣಗಳನ್ನು ಆರಿಸಬೇಕು. ಅನುದಾನದ ಒಂದು ಪಾಲು ಪಾಲನೆಗೆ ಮೀಸಲಾಗಬೇಕು. ಹನ್ನೆರಡು ವರ್ಷದ ಪರಂಪರೆಯನ್ನು ನಗರಾಡಳಿತವೂ ತನ್ನ ರೀತಿಯಲ್ಲಿ ಅಳವಡಿಸಿಕೊಳ್ಳಬಹುದು. ಕೃತಿ ರೂಪುಗೊಳ್ಳುವ ಕಾರ್ಯಾಗಾರಕ್ಕೆ ಸಾರ್ವಜನಿಕರಿಗೆ ಪ್ರವೇಶವಿರಬೇಕು. ಕೆಲವೊಮ್ಮೆ ಶಾಶ್ವತ ಪ್ರತಿಮೆಗೆ ಬದಲಾಗಿ ತಾತ್ಕಾಲಿಕ ಕೃತಿಗಳಿಗೆ ಹಣ ಕೊಡುವುದೇ ನಮ್ಮ ಪರಂಪರೆಗೆ ಹೆಚ್ಚು ಸಮೀಪದ ಕ್ರಮವಾದೀತು.

ಇವೆಲ್ಲಕ್ಕೂ ಮಿಗಿಲಾಗಿ ಫಲಕದ ಭಾಷೆ ಬದಲಾಗಬೇಕು. ಉದ್ಘಾಟಕರ, ಅಧ್ಯಕ್ಷತೆ ವಹಿಸಿದವರ, ಉಪಸ್ಥಿತರಿದ್ದವರ ಹೆಸರುಗಳ ಜತೆಗೆ ಕೆತ್ತಿದವರ, ಎರಕ ಹೊಯ್ದವರ, ಕಲ್ಲು ಹೊತ್ತವರ ಹೆಸರುಗಳೂ, ವಸ್ತು, ತೂಕ, ವೆಚ್ಚ, ಸ್ಥಳವನ್ನು ಒಪ್ಪಿದ ಸಭೆಯ ದಿನಾಂಕಗಳೂ ಇರಬೇಕು. ಇದು ಕೃತಜ್ಞತೆಯ ಮಾತಷ್ಟೇ ಅಲ್ಲ. ಹೆಸರಿದ್ದಲ್ಲಿ ಹೊಣೆ ಇರುತ್ತದೆ. ಹೊಣೆ ಇದ್ದಲ್ಲಿ ಗೌರವವೂ ಇರುತ್ತದೆ.

ಇಂಥ ಸಂಪುಟಗಳಲ್ಲಿ ಬರೆಯುವ ನಮ್ಮಂಥವರನ್ನು ಮುಂದೆಯೂ ಸಲಹೆಗೆ ಕರೆಯುತ್ತಾರೆ. ತೋಡಾರಿನಂಥ ಊರುಗಳ ಹೊಸ ಕೂಡುದಾರಿಗಳಿಗೆ ಯಾವ ಪ್ರತಿಮೆ ಒಪ್ಪುತ್ತದೆಂದು ಕೇಳುತ್ತಾರೆ. ಆಗ ಅಣಿಯ ಅಗಲವನ್ನು ಹೇಳುವ ಮೊದಲು ಸ್ಥಳವನ್ನೂ ಹಣವನ್ನೂ ಕೆಲಸಗಾರರನ್ನೂ ಕುರಿತು ಪ್ರಶ್ನಿಸುವುದು ನಮ್ಮ ಶಾಸ್ತ್ರದ ಹೊರಗಿನ ವಿಷಯವೆಂದು ಸುಮ್ಮನಿರಬೇಕಾಗಿಲ್ಲ. ಕಲ್ಕುಡನ ಪಾಡ್ದನವನ್ನು ಸಂಗ್ರಹಿಸಿ, ಲಿಪ್ಯಂತರಿಸಿ, ಪಾಠಾಂತರಗಳನ್ನು ಗುರುತಿಸಿದ ಶಾಸ್ತ್ರಕ್ಕೆ ಆ ಪಾಡ್ದನವು ಕೇಳುವ ಪ್ರಶ್ನೆಗಳೂ ಸೇರಿವೆ.